ವಿಯೆನ್ನಾನಾ, ನೇಪಲ್ಸಾ? ಒಂದು ವಾರದ ರಜೆಗೆ ಊರು ಆರಿಸುವ ಬಗೆ

ಯೂರೋಪಿಗೆ ಹೋಗಬೇಕು ಅಂತ ದುಡ್ಡು ಕೂಡಿಟ್ಟಿದ್ದೀರಿ. ಸಿಗುವ ರಜೆ ಏಳೆಂಟು ದಿನ. ಅಷ್ಟರಲ್ಲೇ ಐದು ದೇಶ ತೋರಿಸುತ್ತೇವೆ ಎನ್ನುವ ಪ್ಯಾಕೇಜ್‌ಗಳಿವೆ. ಅವನ್ನು ಬದಿಗಿಟ್ಟು, ಒಂದೇ ಊರಲ್ಲಿ ಕಾಲೂರಿ ಇದ್ದು ಬರೋಣ ಎಂದು ನೀವು ಮನಸ್ಸು ಮಾಡಿದ್ದರೆ ಅರ್ಧ ಕೆಲಸ ಮುಗಿದಂತೆ. ಇನ್ನುಳಿದದ್ದು ಯಾವ ಊರು ಅನ್ನೋದು.

ಇಲ್ಲಿ ಎರಡು ಊರುಗಳನ್ನು ಎದುರುಬದುರು ಇಡುತ್ತೇನೆ. ವಿಯೆನ್ನಾ ಆಸ್ಟ್ರಿಯಾದ ರಾಜಧಾನಿ. ಹ್ಯಾಬ್ಸ್‌ಬರ್ಗ್ ಮನೆತನದವರು ನೂರಾರು ವರ್ಷ ಕೂತು ಆಳಿದ ಊರು. ಅಗಲವಾದ ರಸ್ತೆ, ಹೇಳಿದ ಹೊತ್ತಿಗೆ ಬರುವ ಟ್ರಾಮ್, ಅರಮನೆ, ಸಂಗೀತ. ನೇಪಲ್ಸ್ ದಕ್ಷಿಣ ಇಟಲಿಯ ಬಂದರು. ಗ್ರೀಕರು ಕಟ್ಟಿದ್ದು, ಸುಮಾರು 2500 ವರ್ಷ ಹಳೆಯದು. ಇಕ್ಕಟ್ಟಿನ ಗಲ್ಲಿ, ಒಣಹಾಕಿದ ಬಟ್ಟೆ, ಸ್ಕೂಟರ್ ಸದ್ದು, ಪಕ್ಕದಲ್ಲೇ ಇನ್ನೂ ಆರದ ಜ್ವಾಲಾಮುಖಿ. ಎರಡೂ ದೊಡ್ಡ ಊರುಗಳೇ. ಆದರೆ ಒಂದನ್ನು ಮೆಚ್ಚಿದವರಿಗೆ ಇನ್ನೊಂದು ಹಿಡಿಸದೆ ಹೋಗಬಹುದು.

ಬಹಳ ಜನ ನೋಡುವ ಜಾಗಗಳ ಪಟ್ಟಿ ಹಾಕಿ ಹೋಲಿಸುತ್ತಾರೆ. ಅದರಿಂದ ಏನೂ ಬಗೆಹರಿಯಲ್ಲ, ಯಾಕೆಂದರೆ ಪಟ್ಟಿ ಎರಡೂ ಕಡೆ ಉದ್ದವೇ. ಬೆಳಗ್ಗೆಯಿಂದ ರಾತ್ರಿಯವರೆಗೆ ಆ ಊರಲ್ಲಿ ನಿಮ್ಮ ಮನೆಯವರ ಒಂದು ದಿನ ಹೇಗೆ ಸಾಗುತ್ತದೆ ಎಂದು ನೋಡಿ. ಕೆಳಗಿನ ಹೆಜ್ಜೆಗಳೆಲ್ಲ ಅದಕ್ಕಾಗಿಯೇ.

1. ಮೊದಲು ತಿಂಗಳು ನೋಡಿ

ನಮ್ಮಲ್ಲಿ ಮಕ್ಕಳಿರುವವರಿಗೆ ಏಪ್ರಿಲ್-ಮೇ, ದಸರಾ, ಕ್ರಿಸ್‌ಮಸ್ ಬಿಟ್ಟರೆ ಬೇರೆ ರಜೆ ಎಲ್ಲಿದೆ? ತಿಂಗಳು ನಿಗದಿಯಾದರೆ ಊರೂ ಎಷ್ಟೋ ಮಟ್ಟಿಗೆ ನಿಗದಿಯಾಗುತ್ತದೆ.

ಏಪ್ರಿಲ್ ಕೊನೆ ಮತ್ತು ಮೇ ತಿಂಗಳಲ್ಲಿ ಎರಡೂ ಊರು ಚೆಂದ. ನೇಪಲ್ಸ್‌ನಲ್ಲಿ ಹಗಲು ತೆಳು ಬಟ್ಟೆ ಸಾಕು. ವಿಯೆನ್ನಾದಲ್ಲಿ ಸಂಜೆಗೆ ಜಾಕೆಟ್ ಬೇಕು. ಆದರೆ ಈಸ್ಟರ್ ವಾರದಲ್ಲಿ ಇಟಲಿಯ ಕಡೆ ಜನಜಂಗುಳಿ ಜಾಸ್ತಿ, ಆ ವಾರ ತಪ್ಪಿಸಿ.

ದಸರಾ ರಜೆಯಾದರೆ ನಾನು ನೇಪಲ್ಸ್ ಎನ್ನುತ್ತೇನೆ. ಬೇಸಿಗೆಯ ನೂಕುನುಗ್ಗಲು ಇಳಿದಿರುತ್ತದೆ, ಸಮುದ್ರದ ನೀರು ಇನ್ನೂ ಬೆಚ್ಚಗಿರುತ್ತದೆ, ದ್ವೀಪಗಳಿಗೆ ದೋಣಿ ಓಡುತ್ತಿರುತ್ತದೆ.

ಜುಲೈ-ಆಗಸ್ಟ್ ಆದರೆ ಸ್ವಲ್ಪ ಯೋಚಿಸಿ. ನೇಪಲ್ಸ್‌ನಲ್ಲಿ ಬಿಸಿಲು ಮೂವತ್ತು ಡಿಗ್ರಿ ದಾಟುತ್ತದೆ, ಜ್ವಾಲಾಮುಖಿ ಹೂತುಹಾಕಿದ ಹಳೆಯ ಊರು ಪೊಂಪೈನಲ್ಲಿ ನೆರಳೇ ಕಡಿಮೆ. ಆಗಸ್ಟ್ 15 ಇಟಲಿಯಲ್ಲಿ ಫೆರಗೋಸ್ಟೊ ಹಬ್ಬ. ಅದರ ಆಸುಪಾಸಿನಲ್ಲಿ ಎಷ್ಟೋ ಸಣ್ಣ ಹೋಟೆಲು, ಅಂಗಡಿಗಳು ಬಾಗಿಲು ಹಾಕಿ ಊರಿಗೆ ಹೋಗಿಬಿಡುತ್ತವೆ. ವಿಯೆನ್ನಾದಲ್ಲೂ ಸೆಖೆ ಇರುತ್ತದೆ, ಹಳೆಯ ಹೋಟೆಲುಗಳಲ್ಲಿ ಎಸಿ ಇರುವುದಿಲ್ಲ, ಬುಕ್ ಮಾಡುವ ಮುಂಚೆ ಕೇಳಿಕೊಳ್ಳಿ. ಅದಕ್ಕಿಂತ ಮುಖ್ಯವಾದದ್ದು, ಈ ಎರಡು ತಿಂಗಳು ವಿಯೆನ್ನಾದ ಸಂಗೀತ ನಾಟಕಗಳ ರಂಗಮಂದಿರ, ಸ್ಟೇಟ್ ಒಪೆರಾ, ಮುಚ್ಚಿರುತ್ತದೆ. ಸಂಗೀತಕ್ಕೆಂದೇ ಹೋಗುವವರು ಆಗ ಹೋಗಬೇಡಿ.

ಕ್ರಿಸ್‌ಮಸ್ ರಜೆಯವರಿಗೆ ಒಂದು ಎಚ್ಚರಿಕೆ. ವಿಯೆನ್ನಾದ ಕ್ರಿಸ್‌ಮಸ್ ಮಾರುಕಟ್ಟೆಗಳು ನವೆಂಬರ್ ಮಧ್ಯದಲ್ಲೇ ಶುರುವಾಗುತ್ತವೆ. ಹೆಚ್ಚಿನವು ಡಿಸೆಂಬರ್ 23 ರಿಂದ 26ರ ಒಳಗೆ ಮುಗಿಯುತ್ತವೆ. ಶಾಲೆಗೆ ರಜೆ ಕೊಟ್ಟ ಮೇಲೆ ವಿಮಾನ ಹತ್ತಿ 25ಕ್ಕೆ ಇಳಿದರೆ, ಫೋಟೋದಲ್ಲಿ ನೋಡಿದ ದೀಪದ ಅಂಗಡಿಗಳನ್ನು ಬಿಚ್ಚುತ್ತಿರುತ್ತಾರೆ. ಡಿಸೆಂಬರ್ 25, 26 ಎರಡೂ ದಿನ ಅಂಗಡಿಗಳೂ ಇಲ್ಲ. ಷೋನ್‌ಬ್ರುನ್ ಅರಮನೆಯ ಮುಂದಿನ ಮಾರುಕಟ್ಟೆ ಹೊಸವರ್ಷದ ಹೆಸರಲ್ಲಿ ಜನವರಿ ಮೊದಲ ದಿನಗಳವರೆಗೆ ಇರುತ್ತದೆ. ಮಾರುಕಟ್ಟೆಗಾಗಿಯೇ ಹೋಗುವುದಾದರೆ ಡಿಸೆಂಬರ್ ಮೊದಲ ಅರ್ಧದಲ್ಲಿ ಹೋಗಿ.

2. ಜೊತೆಗೆ ಯಾರು ಬರುತ್ತಾರೆ?

ಮಂಡಿ ನೋವಿರುವ ಅಪ್ಪ-ಅಮ್ಮ ಬರುತ್ತಾರೆ ಎಂದರೆ ನನ್ನ ಉತ್ತರ ಒಂದೇ: ವಿಯೆನ್ನಾ. ಮೆಟ್ರೋ ನಿಲ್ದಾಣಗಳಲ್ಲಿ ಲಿಫ್ಟ್ ಇದೆ. ಹೊಸ ಟ್ರಾಮ್‌ಗಳ ನೆಲ ರಸ್ತೆಗೆ ಬಹುತೇಕ ಸಮನಾಗಿರುತ್ತದೆ, ಕಾಲೆತ್ತಿ ಹತ್ತಬೇಕಿಲ್ಲ. ಸುಸ್ತಾದರೆ ಕೂರಲು ಎಲ್ಲೆಂದರಲ್ಲಿ ಬೆಂಚು, ಪಾರ್ಕು. ನಲ್ಲಿ ನೀರು ಆಲ್ಪ್ಸ್ ಬೆಟ್ಟದ ಊಟೆಗಳಿಂದ 1873ರಲ್ಲಿ ಹಾಕಿದ ಕಾಲುವೆಯ ಮೂಲಕ ಇವತ್ತಿಗೂ ಬರುತ್ತದೆ. ಬಾಟಲಿ ತುಂಬಿಸಿಕೊಂಡು ಕುಡಿಯಬಹುದು, ತಣ್ಣಗೆ, ರುಚಿಯಾಗಿರುತ್ತದೆ.

ನೇಪಲ್ಸ್‌ನ ಹಳೆಯ ಭಾಗದಲ್ಲಿ ನೆಲಕ್ಕೆ ಹಾಸಿರುವುದು ಕಪ್ಪು ಲಾವಾ ಕಲ್ಲಿನ ಚಪ್ಪಡಿ. ಮಳೆ ಬಂದರೆ ಜಾರುತ್ತದೆ, ಸೂಟ್‌ಕೇಸಿನ ಚಕ್ರ ಎಡವುತ್ತದೆ. ಫುಟ್‌ಪಾತ್ ಇದ್ದಕ್ಕಿದ್ದಂತೆ ಮುಗಿದುಹೋಗುತ್ತದೆ. ಎಷ್ಟೋ ವಸತಿಗಳು ಲಿಫ್ಟ್ ಇಲ್ಲದ ನಾಲ್ಕನೇ ಮಹಡಿಯಲ್ಲಿವೆ. ಬುಕ್ ಮಾಡುವಾಗ ಲಿಫ್ಟ್ ಇದೆಯಾ ಎಂದು ಬರಹದಲ್ಲೇ ಕೇಳಿ ಖಚಿತ ಮಾಡಿಕೊಳ್ಳಿ.

ಮಕ್ಕಳ ವಿಷಯ ಬೇರೆ. ಸುಮಾರು ಹತ್ತು ವರ್ಷ ದಾಟಿದ, ಓಡಾಡುವ ಮಕ್ಕಳಿಗೆ ನೇಪಲ್ಸ್ ಹಬ್ಬ. ಜ್ವಾಲಾಮುಖಿಯ ಬಾಯಿ, ಹೂತುಹೋದ ಊರು, ನೆಲದಡಿಯ ಸುರಂಗ, ದೋಣಿ, ದಿನಾ ಪಿಜ್ಜಾ. ಪುಟ್ಟ ಮಕ್ಕಳಿದ್ದರೆ ವಿಯೆನ್ನಾ ವಾಸಿ. 1752ರಲ್ಲಿ ಶುರುವಾದ ಷೋನ್‌ಬ್ರುನ್ ಮೃಗಾಲಯ ಇದೆ, ಪ್ರಾಟರ್ ಪಾರ್ಕಿನಲ್ಲಿ 1897ರ ದೊಡ್ಡ ಚಕ್ರ ಇನ್ನೂ ತಿರುಗುತ್ತಿದೆ, ತಳ್ಳುಗಾಡಿ ಎಲ್ಲಾ ಕಡೆ ಸಲೀಸಾಗಿ ಹೋಗುತ್ತದೆ.

ದೊಡ್ಡ ಗುಂಪಿನವರಿಗೆ ಇನ್ನೊಂದು ವಿಷಯ. ಆಸ್ಟ್ರಿಯಾದ ರಾಷ್ಟ್ರೀಯ ಮ್ಯೂಸಿಯಂಗಳಲ್ಲಿ 19ರೊಳಗಿನವರಿಗೆ ಟಿಕೆಟ್ ಇಲ್ಲ. ಇಟಲಿಯ ಸರ್ಕಾರಿ ಮ್ಯೂಸಿಯಂಗಳಲ್ಲಿ, ಪೊಂಪೈನಲ್ಲೂ ಸೇರಿ, 18ರೊಳಗಿನವರಿಗೆ ಪ್ರವೇಶ ಉಚಿತ. ನಾವು ಭಾರತದವರು ಎಂಬುದು ಅಡ್ಡ ಬರುವುದಿಲ್ಲ. ಮಕ್ಕಳ ಪಾಸ್‌ಪೋರ್ಟ್ ಜೊತೆಗಿರಲಿ. ಷೋನ್‌ಬ್ರುನ್ ಅರಮನೆ, ಅಲ್ಲಿನ ಮೃಗಾಲಯದ ಲೆಕ್ಕ ಮಾತ್ರ ಬೇರೆ, ಅಲ್ಲಿ ದುಡ್ಡು ಕೊಡಬೇಕು.

3. ಊಟದ ಪ್ರಶ್ನೆ

ಸಸ್ಯಾಹಾರಿಗಳಿಗೆ ಇದು ಸಣ್ಣ ವಿಷಯವಲ್ಲ, ಅಲ್ವಾ? ಮೊದಲ ನೋಟಕ್ಕೆ ನೇಪಲ್ಸ್ ಸುಲಭ. ಪಿಜ್ಜಾ ಹುಟ್ಟಿದ ಊರು. ಇಲ್ಲಿನ ಪಿಜ್ಜಾ ಮಾಡುವ ಕಲೆಯನ್ನು ಯುನೆಸ್ಕೋ 2017ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಮಾರ್ಗರೀಟಾದಲ್ಲಿ ಟೊಮೆಟೊ, ಮೊಟ್ಸರೆಲ್ಲಾ ಚೀಸ್, ತುಳಸಿ ಜಾತಿಯ ಎಲೆ, ಅಷ್ಟೇ. ಮರಿನಾರಾದಲ್ಲಿ ಚೀಸೂ ಇಲ್ಲ, ಬರೀ ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ. ಒಲೆಯಲ್ಲಿ ಅದು ಇರುವುದು ಒಂದೂವರೆ ನಿಮಿಷದೊಳಗೆ. ಅಂಚು ಉಬ್ಬಿ ಅಲ್ಲಲ್ಲಿ ಕರಿ ಚುಕ್ಕೆ ಬಿದ್ದಿರುತ್ತದೆ, ನಡುಭಾಗ ಒದ್ದೆ ಒದ್ದೆ. ನಮ್ಮ ಊರಿನ ಗರಿಗರಿ ಪಿಜ್ಜಾ ರೂಢಿಯಿದ್ದವರು ಬೆಂದಿಲ್ಲ ಎಂದುಕೊಳ್ಳುತ್ತಾರೆ. ಅದು ಇರುವುದೇ ಹಾಗೆ. ಬೀದಿಯಲ್ಲಿ ತಿನ್ನುವವರು ನಾಲ್ಕು ಮಡಿಕೆ ಮಡಚಿ ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. ಬದನೆಕಾಯಿ ಹಚ್ಚಿ ಹುರಿದು, ಟೊಮೆಟೊ-ಚೀಸ್ ಜೊತೆ ಪದರ ಪದರವಾಗಿ ಬೇಯಿಸುವ ಪಾರ್ಮಿಜಾನಾ ಕೂಡ ಬಿಡಬೇಡಿ.

ಆದರೆ ಇಲ್ಲೊಂದು ಮರೆಯಾದ ತೊಡಕಿದೆ. ನೇಪಲ್ಸ್‌ನ ಬೇಕರಿಗಳಲ್ಲಿ ಹಂದಿಕೊಬ್ಬು ಹಳೆಯ ರೂಢಿ. ಮೆಣಸು ಹಾಕಿದ ಉಂಗುರದ ಆಕಾರದ ತರಾಲ್ಲಿ, ಎಳೆ ಎಳೆಯಾದ ಸ್ಫೋಲ್ಯಾತೆಲ್ಲಾ ಸಿಹಿ, ಎರಡರಲ್ಲೂ ಸಾಂಪ್ರದಾಯಿಕವಾಗಿ ಅದೇ ಇರುತ್ತದೆ. ‘ಸ್ತ್ರುತ್ತೊ’ ಅಥವಾ ‘ಸುಂಞ’ ಇದೆಯಾ ಎಂದು ಕೇಳಿ ತಿನ್ನಿ. ಪಾರ್ಮೆಸಾನ್ ಚೀಸನ್ನು ಕರುವಿನ ಹೊಟ್ಟೆಯಿಂದ ತೆಗೆದ, ಹಾಲು ಹೆಪ್ಪುಗಟ್ಟಿಸುವ ರೆನೆಟ್ ಹಾಕಿಯೇ ಮಾಡುತ್ತಾರೆ. ಕಟ್ಟುನಿಟ್ಟಿನವರು ಅದನ್ನು ಉದುರಿಸಬೇಡಿ ಎಂದು ಮೊದಲೇ ಹೇಳಬೇಕು.

ಮೂರನೇ ದಿನಕ್ಕೆ ಅನ್ನ ಬೇಕೆನಿಸಿದರೆ ನೇಪಲ್ಸ್‌ನ ಪಿಯಾತ್ಸಾ ಕವೂರ್ ಕಡೆ ಹೋಗಿ. ಶ್ರೀಲಂಕಾದಿಂದ ಬಂದು ನೆಲೆಸಿದವರು ಈ ಊರಲ್ಲಿ ಬಹಳ ಮಂದಿ ಇದ್ದಾರೆ. ಆ ಸುತ್ತಲಿನ ಅವರ ಅಂಗಡಿಗಳಲ್ಲಿ ಅಕ್ಕಿ, ಬೇಳೆ, ತೆಂಗು, ಕರಿಬೇವು ಸಿಗುತ್ತದೆ.

ವಿಯೆನ್ನಾದ ಹಳೆಯ ಅಡುಗೆ ಮಾಂಸದ್ದು. ಸುಮ್ನೆ ಆಲೂಗೆಡ್ಡೆ ಸಲಾಡ್ ಎಂದುಕೊಂಡು ತರಿಸಿದರೆ ಅದಕ್ಕೂ ದನದ ಮಾಂಸದ ಸಾರು ಹಾಕಿರುತ್ತಾರೆ. ಸೂಪುಗಳಲ್ಲೂ ಅದೇ. ಆದರೆ ಊರು ದೊಡ್ಡದು, ಹೊರನಾಡಿನವರು ತುಂಬಿದ್ದಾರೆ, ಭಾರತೀಯ ಹೋಟೆಲುಗಳು ನೇಪಲ್ಸ್‌ಗಿಂತ ಜಾಸ್ತಿ. ಮೆನುವಿನಲ್ಲಿ ಸಸ್ಯಾಹಾರದ ಗುರುತು ಸಾಮಾನ್ಯವಾಗಿ ಇರುತ್ತದೆ. ಮೊಟ್ಟೆ ತಿನ್ನುವವರಿಗೆ ಚೀಸ್ ಹಾಕಿದ, ಗಿಡ್ಡ ಶಾವಿಗೆಯಂಥ ಷ್ಪೆಟ್ಸ್ಲೆ, ಹರಿದ ಸಿಹಿ ದೋಸೆಯಂತಿರುವ ಕೈಸರ್‌ಷ್ಮಾರ್ನ್ ಇವೆ. ಭಾನುವಾರ ಸೂಪರ್ ಮಾರ್ಕೆಟ್ ಮುಚ್ಚಿರುತ್ತದೆ, ಶನಿವಾರವೇ ಹಾಲು, ಮೊಸರು, ಹಣ್ಣು ತಂದಿಟ್ಟುಕೊಳ್ಳಿ.

4. ನಿಮ್ಮನ್ನು ಕೂರಿಸಿಬಿಡುವಂಥದ್ದು ಯಾವುದು?

ಈ ಹೆಜ್ಜೆಗೆ ಸಮಯ ಕೊಡಿ. ಪ್ರತಿ ಊರಲ್ಲೂ ಎರಡು ಮೂರು ಅನುಭವ ಮಾತ್ರ ಆ ಊರಿನವೇ ಆಗಿರುತ್ತವೆ. ಅವು ನಿಮಗೆ ಬೇಕೋ ಬೇಡವೋ ಕೇಳಿಕೊಳ್ಳಿ.

ವಿಯೆನ್ನಾದಲ್ಲಿ ಮೊದಲನೆಯದು ಸಂಗೀತ. ಸ್ಟೇಟ್ ಒಪೆರಾದಲ್ಲಿ ಒಳ್ಳೆಯ ಸೀಟಿಗೆ ನೂರಾರು ಯೂರೋ. ಆದರೆ ನಿಂತು ನೋಡುವ ಟಿಕೆಟ್‌ಗಳನ್ನು ಪ್ರದರ್ಶನದ ದಿನವೇ ಮಾರುತ್ತಾರೆ, ಇಪ್ಪತ್ತು ಯೂರೋ ಒಳಗೆ. ಒಳಗೆ ಹೋದವರು ತಮ್ಮ ಜಾಗದ ಕಂಬಿಗೆ ಒಂದು ಸ್ಕಾರ್ಫ್ ಕಟ್ಟಿ ಹೊರಗೆ ಸುತ್ತಾಡಲು ಹೋಗುತ್ತಾರೆ. ಆ ಜಾಗವನ್ನು ಯಾರೂ ಮುಟ್ಟುವುದಿಲ್ಲ. ಎದುರಿನ ಸಣ್ಣ ಪರದೆಯಲ್ಲಿ ಹಾಡಿನ ಅರ್ಥ ಇಂಗ್ಲಿಷಿನಲ್ಲಿ ಬರುತ್ತದೆ. ಮೂರು ಗಂಟೆ ನಿಲ್ಲಬಲ್ಲಿರಾದರೆ ಜಗತ್ತಿನ ಬಲು ದೊಡ್ಡ ಗಾಯಕರನ್ನು ಒಂದು ಊಟದ ಬೆಲೆಗೆ ಕೇಳಬಹುದು. ಒಂದು ಸ್ಕಾರ್ಫ್ ಚೀಲದಲ್ಲಿರಲಿ.

ಎರಡನೆಯದು ಕಾಫಿ ಮನೆ. ಸ್ಪೆರ್ಲ್, ಹವೆಲ್ಕಾ, ಸೆಂಟ್ರಲ್ ಹೀಗೆ ಹಳೆಯವು ಬೇಕಾದಷ್ಟಿವೆ. ಕಾಫಿ ಬರುವುದು ಪುಟ್ಟ ಬೆಳ್ಳಿ ಬಣ್ಣದ ತಟ್ಟೆಯಲ್ಲಿ, ಪಕ್ಕಕ್ಕೆ ಒಂದು ಲೋಟ ನೀರು, ಲೋಟದ ಮೇಲೆ ಅಡ್ಡಲಾಗಿ ಚಮಚ. ಪತ್ರಿಕೆಗಳನ್ನು ಮರದ ಕೋಲಿಗೆ ಸಿಕ್ಕಿಸಿ ಇಟ್ಟಿರುತ್ತಾರೆ. ಒಂದು ಕಾಫಿಗೆ ಎರಡು ಗಂಟೆ ಕೂತರೂ ಏಳಿ ಎನ್ನುವವರಿಲ್ಲ. ಸೆಂಟ್ರಲ್ ಮುಂದೆ ಪ್ರವಾಸಿಗಳ ಸಾಲು ಉದ್ದ, ನಾನಾದರೆ ಸ್ಪೆರ್ಲ್‌ಗೆ ಹೋಗುತ್ತೇನೆ.

ಮೂರನೆಯದು ಕುನ್ಸ್ಟ್‌ಹಿಸ್ಟೋರಿಷಸ್ ಮ್ಯೂಸಿಯಂನ ಬ್ರೂಗಲ್ ಕೋಣೆ. ಈ ಚಿತ್ರಕಾರನ ಕೃತಿಗಳು ಒಂದೇ ಕಡೆ ಇಷ್ಟು ಇರುವುದು ಇಲ್ಲಿ ಮಾತ್ರ. 1565ರ ‘ಹಿಮದಲ್ಲಿ ಬೇಟೆಗಾರರು’ ಚಿತ್ರದ ಮುಂದೆ ನಿಲ್ಲಿ. ಸೋತ ನಾಯಿಗಳೊಂದಿಗೆ ಬೇಟೆಗಾರರು ದಿಬ್ಬ ಇಳಿಯುತ್ತಿದ್ದಾರೆ, ಬೆನ್ನ ಮೇಲೆ ಸಿಕ್ಕಿದ್ದು ಒಂದೇ ಒಂದು ನರಿ. ಕೆಳಗೆ ಹೆಪ್ಪುಗಟ್ಟಿದ ಕೆರೆಯ ಮೇಲೆ ಮಕ್ಕಳು ಆಡುತ್ತಿದ್ದಾರೆ. ಬೇರೆಲ್ಲ ಕೋಣೆ ಬಿಟ್ಟರೂ ಪರವಾಗಿಲ್ಲ, ಇಲ್ಲಿ ಅರ್ಧ ಗಂಟೆ ಕೂರಿ. ಚಿತ್ರಕಾರ ಕ್ಲಿಮ್ಟ್‌ನ ‘ಚುಂಬನ’ ನೋಡಬೇಕಾದವರು ಬೆಲ್ವೆಡೇರ್ ಅರಮನೆಗೆ ಹೋಗಬೇಕು.

ಈಗ ನೇಪಲ್ಸ್. ಮೊದಲು ಹೇಳಬೇಕಾದದ್ದು ಕ್ರಿ.ಶ. 79ರಲ್ಲಿ ವೆಸೂವಿಯಸ್ ಸಿಡಿದು ಹೂತುಹಾಕಿದ ಊರುಗಳು. ಪೊಂಪೈ ಎಲ್ಲರಿಗೂ ಗೊತ್ತು. ದಿನಕ್ಕೆ 20,000 ಜನರ ಮಿತಿ ಇದೆ, ಟಿಕೆಟ್ ಮೇಲೆ ನಿಮ್ಮ ಹೆಸರು ಇರುತ್ತದೆ, ಹಾಗಾಗಿ ಮೊದಲೇ ಕೊಳ್ಳಿ. ಆದರೆ ಅರ್ಧ ದಿನವೇ ಇರುವುದು ಅಥವಾ ಹಿರಿಯರು ಜೊತೆಗಿದ್ದಾರೆ ಎಂದರೆ ಪಕ್ಕದ ಹರ್ಕ್ಯುಲೇನಿಯಂ ಸಾಕು. ಅದು ಚಿಕ್ಕದು. ಬಿಸಿ ಬೂದಿ, ಕೆಸರು ಗಟ್ಟಿಯಾಗಿ ಮುಚ್ಚಿದ್ದರಿಂದ ಸುಟ್ಟು ಕರಿಯಾದ ಮರದ ತೊಲೆ, ಬಾಗಿಲು, ಎರಡನೇ ಮಹಡಿ ಕೂಡ ಉಳಿದಿದೆ. ಪೊಂಪೈನಲ್ಲಿ ಊರಿನ ಹರವು ಕಾಣುತ್ತದೆ, ಇಲ್ಲಿ ಮನೆಯ ಒಳಗು ಕಾಣುತ್ತದೆ. ಎರಡಕ್ಕೂ ಚಿರ್ಕುಮ್‌ವೆಸೂವಿಯಾನಾ ಎಂಬ ಹಳೆಯ ಲೋಕಲ್ ರೈಲು ಹೋಗುತ್ತದೆ. ಎಸಿ ಸಿಗುತ್ತದೆಂಬ ಭರವಸೆಯಿಲ್ಲ, ಸೀಟೂ ಸಿಗಲಿಕ್ಕಿಲ್ಲ. ಹರ್ಕ್ಯುಲೇನಿಯಂಗೆ ಸುಮಾರು ಇಪ್ಪತ್ತು ನಿಮಿಷ, ಪೊಂಪೈಗೆ ನಲವತ್ತು.

ಅಲ್ಲಿ ಸಿಕ್ಕ ಮುಖ್ಯ ವಸ್ತುಗಳಲ್ಲಿ ಹೆಚ್ಚಿನವು ನೇಪಲ್ಸ್‌ನ ಪುರಾತತ್ವ ಮ್ಯೂಸಿಯಂನಲ್ಲಿವೆ. ನಮ್ಮವರು ತಪ್ಪದೆ ನೋಡಬೇಕಾದ ಒಂದು ಸಣ್ಣ ವಸ್ತು ಇದೆ. 1938ರಲ್ಲಿ ಪೊಂಪೈನಲ್ಲಿ ಸಿಕ್ಕ, ಸುಮಾರು 25 ಸೆಂಟಿಮೀಟರ್ ಎತ್ತರದ ದಂತದ ಹೆಣ್ಣು ಮೂರ್ತಿ. ಸೊಂಟದ ಡಾಬು, ಕಾಲ ಕಡಗ, ಕೈ ತುಂಬ ಬಳೆ, ಎರಡು ಬದಿಗೆ ಇಬ್ಬರು ಪುಟ್ಟ ಸಖಿಯರು. ಭಾರತದಲ್ಲಿ ಕೆತ್ತಿ ಸಮುದ್ರ ದಾಟಿ ಹೋದದ್ದು. ‘ಪೊಂಪೈ ಲಕ್ಷ್ಮಿ’ ಎಂದೇ ಹೆಸರಾಗಿದೆ. ಯಕ್ಷಿ ಇರಬೇಕು ಎನ್ನುವುದು ಈಗಿನ ಹೆಚ್ಚಿನ ವಿದ್ವಾಂಸರ ಮಾತು. ಅದನ್ನು ಸಾಮಾನ್ಯವಾಗಿ ಇಡುವುದು ‘ಗುಪ್ತ ಕೋಣೆ’ಯಲ್ಲಿ. ಆ ಕೋಣೆಯಲ್ಲಿ ರೋಮನ್ನರ ಶೃಂಗಾರ ಚಿತ್ರಗಳೂ ಇವೆ, ಮಕ್ಕಳ ಜೊತೆ ಹೋಗುವವರಿಗೆ ತಿಳಿದಿರಲಿ.

ಇನ್ನೊಂದು, ಸಾನ್ಸೆವೇರೊ ಎಂಬ ಪುಟ್ಟ ಪ್ರಾರ್ಥನಾ ಮಂದಿರದಲ್ಲಿರುವ ಮುಸುಕಿನ ಕ್ರಿಸ್ತ. ಜುಸೆಪ್ಪೆ ಸಮ್ಮಾರ್ತಿನೊ 1753ರಲ್ಲಿ ಕೆತ್ತಿದ್ದು. ಮಲಗಿದ ದೇಹದ ಮೇಲೆ ತೆಳು ಬಟ್ಟೆ ಹೊದಿಸಿದಂತಿದೆ. ಹಣೆಯ ನರ, ಕೈಯ ಮೊಳೆ ಗಾಯ ಬಟ್ಟೆಯ ಅಡಿಯಿಂದ ಕಾಣುತ್ತದೆ. ದೇಹವೂ ಬಟ್ಟೆಯೂ ಒಂದೇ ಅಮೃತಶಿಲೆ. ಫೋಟೋ ತೆಗೆಯುವಂತಿಲ್ಲ, ಟಿಕೆಟ್ ಬೇಗ ಮುಗಿದುಹೋಗುತ್ತದೆ.

ಆಮೇಲೆ ಬೀದಿ. ಊರನ್ನು ಸೀಳಿದಂತೆ ನೇರ ಸಾಗುವ ಸ್ಪಕ್ಕನಾಪೊಲಿ, ಅದರಿಂದ ಕವಲೊಡೆಯುವ ಸಾನ್ ಗ್ರೆಗೋರಿಯೊ ಅರ್ಮೇನೊ ಗಲ್ಲಿ. ಈ ಗಲ್ಲಿ ತುಂಬ ವರ್ಷವಿಡೀ ಕ್ರಿಸ್ತ ಹುಟ್ಟಿದ ದೃಶ್ಯಕ್ಕೆ ಬೇಕಾದ ಗೊಂಬೆಗಳನ್ನು ಮಾಡಿ ಮಾರುತ್ತಾರೆ. ಮೇರಿ, ಜೋಸೆಫ್ ಜೊತೆಗೆ ಮೀನು ಮಾರುವವನು, ರೊಟ್ಟಿ ಬೇಯಿಸುವವನು, ಫುಟ್‌ಬಾಲ್ ಆಟಗಾರ. ಪಟ್ಟದ ಗೊಂಬೆಯ ಮುಂದೆ ಅಂಗಡಿ ಶೆಟ್ಟಿಯನ್ನೂ ಕೂರಿಸುವ ನಮ್ಮ ದಸರಾ ಮನೆಗಳಂತೆಯೇ, ದೇವರ ಪಕ್ಕದಲ್ಲಿ ಇಡೀ ಪೇಟೆಗೆ ಜಾಗವಿದೆ. ಇನ್ನು ಮರಡೋನಾ ಹೆಸರು ಈ ಊರಲ್ಲಿ ಗೋಡೆ ಗೋಡೆಯ ಮೇಲೂ ಇದೆ. 1984ರಿಂದ 1991ರವರೆಗೆ ಅವನು ಆಡಿದ್ದು ಇಲ್ಲೇ.

ಓದುತ್ತಾ ಹೋದಂತೆ ನಿಮ್ಮ ಮನಸ್ಸು ಯಾವ ಕಡೆ ವಾಲಿತೋ ಅದನ್ನು ಬರೆದಿಟ್ಟುಕೊಳ್ಳಿ.

5. ಖರ್ಚು ಮತ್ತು ಕಿರಿಕಿರಿ

ಊಟದ ಮಟ್ಟಿಗೆ ನೇಪಲ್ಸ್ ಅಗ್ಗ. ಬಾರಿನಲ್ಲಿ ನಿಂತು ಕುಡಿಯುವ ಎಸ್ಪ್ರೆಸೊ ಹೆಚ್ಚೆಂದರೆ ಒಂದೂವರೆ ಯೂರೋ. ವಿಯೆನ್ನಾದ ಕಾಫಿ ಮನೆಯಲ್ಲಿ ಒಂದು ಕಾಫಿ, ಒಂದು ತುಂಡು ಕೇಕಿಗೆ ಹತ್ತು ಯೂರೋ ಆರಾಮವಾಗಿ ದಾಟುತ್ತದೆ. ಅಲ್ಲಿ ನೀವು ಆ ಮೇಜಿನ ಎರಡು ಗಂಟೆಗೂ ದುಡ್ಡು ಕೊಟ್ಟಂತೆ.

ಕಿರಿಕಿರಿ ಮಾತ್ರ ನೇಪಲ್ಸ್‌ನಲ್ಲಿ ಜಾಸ್ತಿ. ಜೇಬುಗಳ್ಳರ ಕಾಟ ರೈಲು, ಬಸ್ಸುಗಳಲ್ಲಿ ಇದೆ. ಚೀಲ ಮುಂದಕ್ಕೆ ಹಾಕಿಕೊಳ್ಳಿ, ಪಾಸ್‌ಪೋರ್ಟ್ ಭದ್ರವಾಗಿಟ್ಟುಕೊಳ್ಳಿ, ಅದರ ಪ್ರತಿ ಬೇರೆಯಾಗಿ ಇರಲಿ. ಇಟಲಿಯಲ್ಲಿ ಸಾರಿಗೆ ಮುಷ್ಕರ ಮೊದಲೇ ಘೋಷಿಸಿ ಮಾಡುತ್ತಾರೆ. ಹೋಗುವ ವಾರ ‘ಶೋಪೆರೊ’ ಇದೆಯಾ ಎಂದು ಒಮ್ಮೆ ಹುಡುಕಿ ನೋಡಿ. ನಗರದ ಪಶ್ಚಿಮಕ್ಕೆ ಪೊತ್ಸುವೋಲಿ ಸುತ್ತ ನೆಲ ಏರಿಳಿಯುತ್ತಾ ಸಣ್ಣ ಭೂಕಂಪಗಳಾಗುತ್ತವೆ. ಅದರ ಭಯವಿದ್ದವರು ವಸತಿಯನ್ನು ಆ ಕಡೆ ಮಾಡದೆ ಊರ ನಡುವೆ ಮಾಡಿ.

ವಿಯೆನ್ನಾದಲ್ಲಿ ತೊಂದರೆ ಕಡಿಮೆ. ಟಿಕೆಟ್‌ಗೆ ಮುದ್ರೆ ಒತ್ತಿಸದೆ ಹತ್ತಿದರೆ ದಂಡ ಜೋರು, ಅಷ್ಟೇ ನೆನಪಿರಲಿ. ನಡತೆ ಸ್ವಲ್ಪ ಬಿಗಿ. ಮಾಣಿಗಳು ನಗುವುದಿಲ್ಲ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

6. ಒಂದು ದಿನ ಬರೆದು ನೋಡಿ

ಈಗ ಮನೆಯವರನ್ನೆಲ್ಲ ಕೂರಿಸಿ ಎರಡು ಹಾಳೆ ತೆಗೆದುಕೊಳ್ಳಿ. ಒಂದರಲ್ಲಿ ವಿಯೆನ್ನಾದ ಒಂದು ಮಂಗಳವಾರ, ಇನ್ನೊಂದರಲ್ಲಿ ನೇಪಲ್ಸ್‌ನ ಅದೇ ದಿನ. ಎಷ್ಟಕ್ಕೆ ಏಳುತ್ತೀರಿ, ತಿಂಡಿ ಎಲ್ಲಿ, ಎಷ್ಟು ನಡಿಗೆ, ಮಧ್ಯಾಹ್ನ ಯಾರು ಮಲಗಬೇಕು, ಸಂಜೆ ಏನು.

ವಿಯೆನ್ನಾದ ಹಾಳೆ ಬರೆದಂತೆಯೇ ನಡೆಯುತ್ತದೆ. ಹತ್ತಕ್ಕೆ ಮ್ಯೂಸಿಯಂ ಎಂದರೆ ಹತ್ತಕ್ಕೆ ಒಳಗಿರುತ್ತೀರಿ. ನೇಪಲ್ಸ್‌ನ ಹಾಳೆಯಲ್ಲಿ ಅರ್ಧ ಖಾಲಿ ಬಿಡಿ, ರೈಲು ತಡವಾಗುತ್ತದೆ, ದಾರಿಯಲ್ಲಿ ಮೆರವಣಿಗೆ ಸಿಗುತ್ತದೆ, ಅಂಗಡಿಯವನು ಮಾತಿಗೆ ನಿಲ್ಲಿಸುತ್ತಾನೆ. ಆ ಖಾಲಿ ಜಾಗ ನೋಡಿ ನಿಮ್ಮ ಮನೆಯಲ್ಲಿ ಯಾರಿಗೆ ಖುಷಿಯಾಗುತ್ತದೆ, ಯಾರಿಗೆ ಚಿಂತೆಯಾಗುತ್ತದೆ ಎಂಬುದು ಆಗಲೇ ಗೊತ್ತಾಗುತ್ತದೆ. ಹೆಚ್ಚು ಚಿಂತಿಸುವವರ ಮಾತಿಗೆ ಹೆಚ್ಚು ತೂಕ ಕೊಡಿ. ಒಬ್ಬರ ಮುಖ ಬಾಡಿದರೆ ಇಡೀ ಗುಂಪಿನ ರಜೆ ಹಾಳು.

ನನ್ನ ಒಲವು ನೇಪಲ್ಸ್ ಕಡೆಗೇ. ಹರ್ಕ್ಯುಲೇನಿಯಂ ಮತ್ತು ಆ ಬೀದಿಗಳಿಗೆ ಸಾಟಿಯಾದದ್ದು ವಿಯೆನ್ನಾದಲ್ಲಿ ನನಗೆ ಇಲ್ಲ. ಹಾಗಿದ್ದೂ ಮೊದಲ ಸಲ ಯೂರೋಪಿಗೆ ಹೊರಟ ಹಿರಿಯರಿಗೆ ನಾನು ವಿಯೆನ್ನಾವನ್ನೇ ಹೇಳುವುದು.

ಎರಡೂ ಬೇಕೇ ಬೇಕು ಎನ್ನುವವರಿಗೆ ಎರಡು ವಾರ ಇರಬೇಕು. ವಿಯೆನ್ನಾದಿಂದ ರೋಮ್‌ಗೆ ರಾತ್ರಿ ರೈಲಿದೆ. ರೋಮ್‌ನಿಂದ ನೇಪಲ್ಸ್‌ಗೆ ವೇಗದ ರೈಲಿನಲ್ಲಿ ಒಂದೂಕಾಲು ಗಂಟೆ. ಒಂದೇ ವಾರದಲ್ಲಿ ಎರಡನ್ನೂ ತುರುಕಬೇಡಿ.

7. ತೀರ್ಮಾನವಾದ ಮೇಲೆ

ವೀಸಾ ಎರಡಕ್ಕೂ ಶೆಂಗೆನ್, ಅಂದರೆ ಯೂರೋಪಿನ ಹಲವು ದೇಶಗಳಿಗೆ ಸಲ್ಲುವ ಒಂದೇ ವೀಸಾ. ದೊಡ್ಡವರಿಗೆ ಶುಲ್ಕ 90 ಯೂರೋ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45. ಕನಿಷ್ಠ 30,000 ಯೂರೋ ರಕ್ಷಣೆ ಇರುವ ಪ್ರಯಾಣ ವಿಮೆ ಬೇಕು. ಪ್ರಯಾಣಕ್ಕೆ ಆರು ತಿಂಗಳಿರುವಾಗಲೇ ಅರ್ಜಿ ಹಾಕಬಹುದು. ಬೇಸಿಗೆ ರಜೆಗೆ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ, ಆದ್ದರಿಂದ ಡಿಸೆಂಬರ್‌ನಲ್ಲೇ ಊರು ನಿಗದಿ ಮಾಡಿ. ಎರಡೂ ದೇಶಕ್ಕೆ ಹೋಗುವವರು ಹೆಚ್ಚು ದಿನ ಇರುವ ದೇಶಕ್ಕೆ ಅರ್ಜಿ ಹಾಕಬೇಕು. ದಿನ ಸಮನಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ವೀಸಾ ಕೈಗೆ ಬರುವವರೆಗೆ ರದ್ದು ಮಾಡಲಾಗದ ವಸತಿಗೆ ದುಡ್ಡು ಕಟ್ಟಬೇಡಿ.

ಬೆಂಗಳೂರಿನಿಂದ ವಿಯೆನ್ನಾಗೆ ದುಬೈ, ದೋಹಾ, ಫ್ರಾಂಕ್‌ಫರ್ಟ್ ಅಥವಾ ಮ್ಯೂನಿಕ್‌ನಲ್ಲಿ ವಿಮಾನ ಬದಲಿಸಿ ಹೋಗಬಹುದು. ನೇಪಲ್ಸ್‌ಗೆ ಜರ್ಮನಿಯ ಮೇಲೆ ಹೋಗಬಹುದು, ಇಲ್ಲವೇ ರೋಮ್‌ಗೆ ಇಳಿದು ರೈಲು ಹಿಡಿಯಬಹುದು. ಅಲ್ಲಿನ ರೈಲು ಟಿಕೆಟ್ ಹುಡುಕುವಾಗ ನೇಪಲ್ಸ್‌ಗೆ ನಾಪೊಲಿ, ವಿಯೆನ್ನಾಗೆ ವೀನ್ ಎಂದು ಹಾಕಿ.

ನೇಪಲ್ಸ್ ಆರಿಸಿದವರು ಸಾನ್ಸೆವೇರೊ, ಪೊಂಪೈ, ವೆಸೂವಿಯಸ್ ಬಾಯಿ, ಈ ಮೂರರ ಟಿಕೆಟ್ ಮೊದಲೇ ಕೊಳ್ಳಬೇಕು. ಸಾನ್ಸೆವೇರೊ ಮತ್ತು ಪುರಾತತ್ವ ಮ್ಯೂಸಿಯಂ ಎರಡಕ್ಕೂ ಮಂಗಳವಾರ ರಜೆ. ಆ ದಿನವನ್ನು ಪೊಂಪೈಗೆ ಇಟ್ಟುಕೊಳ್ಳಿ. ತಿಂಗಳ ಮೊದಲ ಭಾನುವಾರ ಸರ್ಕಾರಿ ಮ್ಯೂಸಿಯಂಗಳಿಗೆ ಪ್ರವೇಶ ಉಚಿತ, ಆದರೆ ಜನ ಕಿಕ್ಕಿರಿಯುತ್ತಾರೆ. ಆಯ್ಕೆಯಿದ್ದರೆ ಆ ದಿನ ಪ್ರೊಚಿದಾ ದ್ವೀಪಕ್ಕೆ ದೋಣಿ ಹತ್ತಿ.

ವಿಯೆನ್ನಾ ಆರಿಸಿದವರು ಷೋನ್‌ಬ್ರುನ್ ಅರಮನೆಗೆ ಸಮಯ ಹಾಕಿದ ಟಿಕೆಟ್ ಕೊಂಡು ಬೆಳಗಿನ ಮೊದಲ ಗುಂಪಿನಲ್ಲೇ ಹೋಗಿ. ಒಪೆರಾದ ತಿಂಗಳ ಪಟ್ಟಿ ನೋಡಿ, ಮೊದಲ ಸಲವಾದರೆ ಮೊತ್ಸಾರ್ಟ್ ಅಥವಾ ವೆರ್ದಿ ರಚಿಸಿದ ಒಪೆರಾ ಇರುವ ಸಂಜೆ ಆರಿಸಿ, ವಾಗ್ನರ್ ಬೇಡ. ವಾಗ್ನರನ ಒಪೆರಾ ಐದು ಗಂಟೆ ಹೊತ್ತು ಎಳೆಯುವುದೂ ಉಂಟು, ನಿಂತೇ ಕೇಳುವುದು ಕಷ್ಟ.